ತಿಳವಳ್ಳಿಯ ಬೇವಿನ ಕಟ್ಟೆಯಲ್ಲಿ ಒಂದು ಕ್ಷೌರ

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನ ಹೊಗೆಯಿಂದ ಓಡುವ ಸರ್ವಿಸ್ ಮೋಟಾರು ಶಿಗ್ಗಾವಿ ಬಿಟ್ಟಾಗ ಬೆಳಗಿನ ಎಂಟು ಗಂಟೆ. ನನ್ನ ಜೊತೆಗಿದ್ದವರು ಸವಣೂರಿನ ದುರ್ಗಪ್ಪನವರು. ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಲೇ ಓದು ಬರಹ ಕಲಿತವರು. ತಮ್ಮ ಹೊಲಗೇರಿಯ ಜನರಿಗೆ ಊರಿನ ಬಾವಿ, ಶಾಲೆಗಳು ತೆರೆಯಬೇಕೆಂದು ವರ್ಷಗಟ್ಟಲೆ ಹಿರೇಕೆರೂರಿನವರೆಗೂ ಹಳ್ಳಿ ಹಳ್ಳಿ ತಿರುಗಿದವರು. ನಾನು ವೈಷ್ಣವ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಶಾಲಾ ಮಾಸ್ತರ. ಅವರ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ. ಅದನ್ನೇ ದೊಡ್ಡ ಸೇವೆ ಎಂದುಕೊಂಡಿದ್ದೆ.

ಬಂಕಾಪುರದಲ್ಲಿ ಹತ್ತಿದ ವ್ಯಾಪಾರಿಯೊಬ್ಬರು ದುರ್ಗಪ್ಪನವರನ್ನು ಗುರುತಿಸಿ, "ಇವನ್ನ ಸಾಮಾನಿನ ಜೋಡಿ ಟಪ್ಪಿನ ಮ್ಯಾಗ ಕುಂದರ್ಸು" ಎಂದು ಕಂಡಕ್ಟರನಿಗೆ ಹೇಳಿದರು. ದುರ್ಗಪ್ಪನವರು ಟಿಕೀಟು ಮುಂದೆ ಹಿಡಿದರು. "ಇದರಾಗ ಟಪ್ಪು ಅಂತ ಬರದಿಲ್ಲಲ್ರಿ." ಕಂಡಕ್ಟರ ನಕ್ಕುಬಿಟ್ಟ. ವ್ಯಾಪಾರಿ ಹಾನಗಲ್ಲಿನವರೆಗೂ ಮುಖ ತಿರುಗಿಸಿಯೇ ಕುಳಿತರು.

ಅಲ್ಲಿಂದ ನಾವು ಹೊರಟಿದ್ದ ತಿಳವಳ್ಳಿಗೆ ಹನ್ನೆರಡು ಮೈಲಿ ಚಕ್ಕಡಿ. ಮಳೆ ನಿಂತಿತ್ತು; ಎರಡೂ ಬದಿಗೆ ಭತ್ತ ತೆನೆಗಟ್ಟಿತ್ತು. ಸಂಜೆ ಅಲ್ಲಿಯ ಹೊಲಗೇರಿಯಲ್ಲಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಉಂಡೆ. ಕೇರಿಯಲ್ಲಿ ಉಣ್ಣುವುದು ನನಗದು ಮೊದಲ ಸಲ. ಆದರೆ ನೋಡುವ ಊರವರು ಯಾರೂ ಇರಲಿಲ್ಲ. ಕೇರಿಯವರ ತಲೆಯನ್ನು ಊರಿನ ಕ್ಷೌರಿಕ ಮುಟ್ಟುವುದಿಲ್ಲವೆಂದೂ, ಮೊಂಡು ಕತ್ತರಿಯಲ್ಲಿ ಒಬ್ಬರಿಗೊಬ್ಬರು ಕೂದಲು ಕತ್ತರಿಸಿಕೊಳ್ಳುತ್ತಾರೆಂದೂ ತಿಳಿಯಿತು.

ಮರುದಿನ ಬೆಳಿಗ್ಗೆ ದುರ್ಗಪ್ಪನವರು ನನ್ನನ್ನು ಕರೆದುಕೊಂಡು ನೇರವಾಗಿ ಕ್ಷೌರಿಕ ನಿಂಗಪ್ಪನ ಬೇವಿನ ಕಟ್ಟೆಗೆ ಹೋಗಿ, ಗಡ್ಡ ಹೆರೆಯಲು ಕೇಳಿದರು. ಜನ ಸೇರಿತು.

ನಿಂಗಪ್ಪ ಕೈ ಮುಗಿದ. "ನಿಮ್ಮ ತಲಿ ಮುಟ್ಟಿದ ಕತ್ತಿಗೆ ಆಮ್ಯಾಲೆ ಯಾರ ತಲಿ ಕೊಡ್ತಾರ್ರಿ? ನನ್ನ ಮಕ್ಕಳು ಏನ್ ತಿನ್ನಬೇಕು?"

ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ದುರ್ಗಪ್ಪನವರು ತಡೆದರು. "ಅವ ಹೇಳೂದು ಖರೇ ಐತ್ರಿ ಮಾಸ್ತರ. ಅಂವಗ ಹೊಟ್ಟಿ ಐತಿ." ಆಮೇಲೆ ನನ್ನನ್ನೇ ನೋಡಿದರು.

ನನಗೆ ಅರ್ಥವಾಯಿತು. ಅರ್ಜಿ ಬರೆಯುವುದು ಬೇರೆ, ಹಾಡಹಗಲು ಊರೆಲ್ಲ ನೋಡುವಾಗ ತಲೆ ಕೊಡುವುದು ಬೇರೆ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

"ಅವರ ಬೆನ್ನಿಗೇ ನಾ ಕುಂದರ್ತೇನಿ," ಎಂದೆ. "ಅದ ಕತ್ತಿಲೆ ಮಾಡು."

ನಿಂಗಪ್ಪ ಚಾಪೆ ಹಾಸಿದ. ದುರ್ಗಪ್ಪನವರ ಗಡ್ಡ ಹೆರೆದ. ಕತ್ತಿ ಒರೆಸಿ ನನ್ನ ಗಡ್ಡ ಹೆರೆದ. ನಾನು ಎದ್ದ ಮೇಲೂ ಚಾಪೆ ಖಾಲಿಯೇ ಇತ್ತು. ಕೊನೆಗೆ ಮುದಿ ಒಕ್ಕಲಿಗರೊಬ್ಬರು ರುಮಾಲು ಬಿಚ್ಚುತ್ತ ಬಂದು ಕುಳಿತರು. "ನಂದೂ ವಾರದಿಂದ ಬೆಳದೈತಿ. ಮಾಡಪಾ, ಬಿಸಲ ಏರತೈತಿ."

ಮಧ್ಯಾಹ್ನದ ಹೊತ್ತಿಗೆ ಕೇರಿಯ ನಾಲ್ವರಿಗೆ ಕ್ಷೌರವಾಗಿತ್ತು. ದೊಡ್ಡ ಮನೆಗಳೆರಡು ನಿಂಗಪ್ಪನಿಗೆ ಇನ್ನು ಬರಬೇಡವೆಂದು ಹೇಳಿಕಳಿಸಿದ್ದವು. ಅವನು ಕತ್ತಿ ಮಸೆಯುತ್ತಲೇ ಇದ್ದ.

ಹಿಂದಿರುಗುವಾಗ ಚಕ್ಕಡಿಯಲ್ಲಿ ನನಗೆ ಒಳಗೊಳಗೇ ಹೆಮ್ಮೆ. ತಡೆಯಲಾರದೆ ಕೇಳಿದೆ: "ದುರ್ಗಪ್ಪನವರ, ನಾ ಕುಂದರದಿದ್ರ ಏನ್ ಮಾಡ್ತಿದ್ರಿ?"

ಅವರು ಗದ್ದೆಗಳ ಕಡೆ ನೋಡುತ್ತಲೇ ಹೇಳಿದರು: "ಮತ್ತೊಬ್ಬರನ್ನ ಕರಕೊಂಡು ಬರ್ತಿದ್ನಿರಿ ಮಾಸ್ತರ. ನಿಮಗಿಂತ ಮೊದಲ ಮೂರು ಮಂದೀನ್ನ ಕರಕೊಂಡು ಬಂದಿದ್ದೆ. ಒಬ್ರೂ ಕುಂದರಲಿಲ್ಲ."