ಕತ್ತಿಗೆ ಬಂದ ಟ್ರಾಲಿ

ನಮ್ಮ ಟಿಲ್ಲರ್ ಹಿಂದಿನ ಪುಟ್ಟ ಟ್ರಾಲಿಯ ಚಕ್ರದ ಅಚ್ಚು ಬಾಗಿದ್ದು ನಿಜ. ಆದರೆ ಅದರ ಅಂಚು ನನ್ನ ಸೊಂಟದ ಮಟ್ಟಕ್ಕಿತ್ತು. ರೇಷ್ಮೆ ಹುಳುಗಳಿಗೆ ಕೊಯ್ದ ಸೊಪ್ಪಿನ ಹೊರೆಯನ್ನು ತಲೆಯ ಮೇಲಿಂದ ನೇರವಾಗಿ ಅದರೊಳಕ್ಕೆ ಕೆಡವುತ್ತಿದ್ದೆ. ಯಾರ ಕೈಯನ್ನೂ ಕಾಯುತ್ತಿರಲಿಲ್ಲ.

ಮಗ ನನ್ನನ್ನೊಂದು ಮಾತು ಕೇಳದೆ ಅದನ್ನು ಚಿಂತಾಮಣಿಗೆ ಒಯ್ದು, ದಪ್ಪ ಅಚ್ಚು, ಪಟ್ಟಿ ಸ್ಪ್ರಿಂಗು ಮತ್ತು ಹಳೇ ಜೀಪಿನ ದೊಡ್ಡ ಚಕ್ರ ಹಾಕಿಸಿದ. ಟ್ರಾಲಿ ಮನೆಗೆ ಬಂದಾಗ ವೆಲ್ಡಿಂಗ್‌ನವನೂ ಜೊತೆಗೇ ಬಂದಿದ್ದ. ಅಂಚು ಈಗ ನನ್ನ ಕತ್ತಿನ ಮಟ್ಟಕ್ಕೆ ಬಂದಿತ್ತು.

“ಇನ್ನು ಎಷ್ಟು ತೂಕ ಹಾಕಿದ್ರೂ ಬಗ್ಗಲ್ಲ ಅಜ್ಜಿ,” ಎಂದ ಅವನು.

“ಹಾಕೋಳು ನಾನು ಕಣಪ್ಪ. ನನ್ನ ಅಳತೆ ತಗೊಂಡ್ಯಾ?”

ಮಗ ನಕ್ಕ. “ಟ್ರಾಲಿ ಏನು ರವಿಕೇನಾ ಅಮ್ಮ, ಅಳತೆ ಕೊಡೋಕೆ?”

ಮಾರನೆಯ ಬೆಳಗ್ಗೆ ಮೊದಲ ಹೊರೆ ಎತ್ತಿದೆ. ಅದು ಅಂಚಿಗೆ ತಗುಲಿ ನನ್ನ ಮೇಲೆಯೇ ಬಿತ್ತು, ನಾನೂ ಕೆಳಗೆ ಬಿದ್ದೆ. ಅಂದಿನಿಂದ ತೋಟಕ್ಕೆ ಸೊಸೆ ಹೋಗುತ್ತಾಳೆ. ಅವಳು ಎತ್ತರದ ಹೆಂಗಸು. ನಾನು ಮನೆಯಲ್ಲಿ ಮುದ್ದೆ ತೊಳಸುತ್ತೇನೆ.

ಅಮ್ಮನಿಗೆ ವಯಸ್ಸಾಯಿತು, ಹೊರೆ ಎತ್ತಲು ಆಗುವುದಿಲ್ಲ ಎಂದು ಮಗ ಊರೆಲ್ಲ ಹೇಳುತ್ತಾನೆ. ಚಕ್ರ ಬದಲಾಯಿಸಿದ ಹಿಂದಿನ ದಿನ ನಾನೊಬ್ಬಳೇ ಆರು ಹೊರೆ ಹಾಕಿದ್ದೆ. ಅದನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ.