ಒಂದು ವೀಳ್ಯದೆಲೆ, ನಾಲ್ಕು ಕಾರಣ

“ಮೊನ್ನೆ ಬೇರೆ ಓದ್ದೆಯಲ್ಲ ಕಣ್ಣು? ಇವತ್ತು ಬದ್ಲಾಯ್ಸಿ ಓದ್ತಿದ್ದೀಯೇ?”

ಸೋಮವಾರ ಬೆಳಗ್ಗೆ ನಮ್ಮ ಮನೆ ಓನರ್ ನಂಜಮ್ಮಜ್ಜಿ ನನ್ನನ್ನು ಹೀಗೆ ತರಾಟೆಗೆ ತೆಗೆದುಕೊಂಡರು. (‘ಕಣ್ಣು’ ಅಂದರೆ ಈ ಕಡೆ ಚಿನ್ನ, ಬಂಗಾರ ಅಂದ ಹಾಗೆ. ಬೈಯುವಾಗಲೂ ಹಾಗೇ ಕರೆಯುತ್ತಾರೆ.) ನಾನೇನು ಯುದ್ಧ ಶುರು ಮಾಡಿದವಳಾ? ಪೇಪರ್ ಓದುವವಳು, ಅಷ್ಟೇ.

ತಮಿಳು ಸೀಮೆಯ ಸೂಲೂರಿನ ಈ ಮನೆಯಲ್ಲಿ ಮಹಡಿ ಮೇಲೆ ನಾನು, ಕೆಳಗೆ ಅಜ್ಜಿ. ಅವರದು ಮನೆಯೊಳಗೆ ತಲೆತಲಾಂತರದಿಂದ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಬಾರದು. ಹಾಗಾಗಿ ದಿನಾ ಬೆಳಗ್ಗೆ ಅವರು ಸಾಂಬಾರ್ ಈರುಳ್ಳಿ ಸುಲಿಯುತ್ತಾರೆ, ನಾನು ಮೊಬೈಲಿನಲ್ಲಿ ಕನ್ನಡ ಪೇಪರ್ ಓದಿ ಹೇಳುತ್ತೇನೆ. ಸಂಬಳ ಒಂದು ಲೋಟ ಕಾಫಿ. (ನಾನು ಪಾಠ ಮಾಡುವ ಕಾಲೇಜಿನ ಕ್ಲಾಸಿನಲ್ಲೂ ಇಷ್ಟು ಗಮನವಿಟ್ಟು ಕೇಳುವವರಿಲ್ಲ.)

ಮೊದಲೆಲ್ಲ ಅವರಿಗೆ ಮಳೆ, ಕಳ್ಳತನ, ಚಿನ್ನದ ರೇಟು ಸಾಕಿತ್ತು. ಈಗ ಮೂರು ವಾರದಿಂದ ಬರೀ ಯುದ್ಧ. ಮೊಮ್ಮಗಳು ಸುಮತಿ ಗಲ್ಫಿನಲ್ಲಿ ನರ್ಸ್, ಏಳು ತಿಂಗಳ ಬಸುರಿ. ಬಳೆ ತೊಡಿಸುವ ಶಾಸ್ತ್ರಕ್ಕೂ ಹೆರಿಗೆಗೂ ಇಲ್ಲಿಗೇ ಬರಬೇಕಿತ್ತು. ಅಷ್ಟರಲ್ಲಿ ಪಕ್ಕದ ದೇಶದ ಮೇಲೆ ಬಾಂಬು ಬಿತ್ತು, ಸುಮತಿಯ ಊರಿನ ಏರ್‌ಪೋರ್ಟು ಮುಚ್ಚಿತು. ಎಂಟು ತಿಂಗಳು ತುಂಬಿದರೆ ವಿಮಾನ ಹತ್ತಿಸುವುದಿಲ್ಲವಂತೆ. ಅದಕ್ಕೆ ಇರುವುದು ಇನ್ನು ಕೆಲವೇ ವಾರ. ನಮ್ಮ ತಲೆ ಮೇಲೆ ಇಲ್ಲಿನ ಏರ್‌ಫೋರ್ಸ್ ನೆಲೆಯ ವಿಮಾನ ಹೋದರೂ ಅಜ್ಜಿ ಅಂಗಳಕ್ಕೆ ಬಂದು ಕತ್ತೆತ್ತಿ ನೋಡುತ್ತಾರೆ.

ಇನ್ನು ಬಾಂಬು ಹಾಕಿಸಿದ ಆ ದೊಡ್ಡ ದೇಶದ ನಾಯಕರು. “ಅವರು ನಮ್ಮ ಮೇಲೆ ಬೀಳುವವರಿದ್ದರು, ಅದಕ್ಕೇ ನಾವೇ ಮೊದಲು ಹೊಡೆದೆವು” ಅಂದರು ಮೊದಲ ದಿನ. ಸ್ವಲ್ಪ ದಿನ ಬಿಟ್ಟು, ಅಲ್ಲಿ ಭಯಂಕರ ಅಸ್ತ್ರ ಬಚ್ಚಿಟ್ಟಿದ್ದಾರೆ. ಆಮೇಲೆ, ಪಾಪ, ಅಲ್ಲಿನ ಜನರನ್ನು ಬಿಡಿಸಬೇಕು. ಸೋಮವಾರದ ಪೇಪರಿನಲ್ಲಿ, ಇದೆಲ್ಲ ಲೋಕಶಾಂತಿಗಾಗಿ.

“ಅದು ಸ್ಟ್ರಾಟಜಿ ಅಜ್ಜಿ” ಅಂದೆ, ಟೀವಿ ಚರ್ಚೆಗೆ ಕೂತವಳ ಗತ್ತಿನಲ್ಲಿ.

“ಸ್ಟ್ರಾಟಜಿ ಗಿಟ್ರಾಟಜಿ ಎಲ್ಲಾ ಬೇಡ. ಇಲ್ಲಿ ಕೇಳು” ಅಂತ ಅಜ್ಜಿ ಮೊರ ಪಕ್ಕಕ್ಕಿಟ್ಟರು.

ಅವರ ತವರು ಮಡತ್ತುಕುಳಂ. ಅಮರಾವತಿ ನದಿಯ ಕಾಲುವೆ ನೀರು, ಕಬ್ಬು, ಭತ್ತ. ನೀರಿದ್ದಲ್ಲಿ ಜಗಳ ಇರದೆ ಇರುತ್ತದಾ? ಅಲ್ಲೊಂದು ಪದ್ಧತಿ ಇತ್ತಂತೆ. ದೂರು ತಂದವನು ಹಿರಿಯರ ಮುಂದೆ ಒಂದು ವೀಳ್ಯದೆಲೆ (ಅಜ್ಜಿಯ ಬಾಯಲ್ಲಿ ‘ವೆತ್ತಿಲೆ’) ಇಟ್ಟು ಕಾರಣ ಹೇಳಬೇಕು. ಒಂದೇ ಕಾರಣ. ಅದು ಬಗೆಹರಿದ ಕೂಡಲೇ ಎಲೆ ಎತ್ತಿ ಬಾಯಿಗೆ ಹಾಕಿಕೊಂಡು ಮನೆಗೆ ಹೋಗಬೇಕು.

“ನಮ್ಮಪ್ಪ ವೆತ್ತಿಲೆ ಮಡಗಿ, ಪಕ್ಕದ ತೋಟದವ್ನು ನನ್ ಸರದಿ ನೀರ ತಿರುಗಿಸ್ಕೊಂಡ ಅಂದ. ನೀರುಗಂಟಿ ಬಂದು, ಇಲ್ಲೀಂಗ, ತಿರುಗಿಸೇ ಇಲ್ಲ ಅಂದ. ಸರಿ, ಅವ್ನ ಎಮ್ಮೆ ನನ್ ಕಬ್ಬು ತಿಂತು ಅಂದ ಅಪ್ಪ. ಅವ್ನ ಮನೇಲಿ ಎಮ್ಮೆಯೇ ಇಲ್ಲ! ಕಡೇಗೆ, ಕಲ್ಯಾಣದಲ್ಲಿ ನನ್ನ ‘ವಾಂಗ’ ಅಂತ ಕರೀಲಿಲ್ಲ ಅಂದ.”

(ನಗಬೇಡಿ. ಈ ಸೀಮೆಯಲ್ಲಿ ಮದುವೆಮನೆ ಬಾಗಿಲಲ್ಲಿ ‘ಬನ್ನಿ’ ಅನ್ನದಿದ್ದರೆ ಎರಡು ತಲೆಮಾರು ಮಾತು ಬಿಡುತ್ತಾರೆ.)

“ಆಮೇಲೆ?”

“ಹಿರೀರು ವೆತ್ತಿಲೆ ತೆಗ್ದು ಅಪ್ಪನ ಕೈಗೇ ಕೊಟ್ರು. ಕಾರಣ ಯಾವ್ದು ಅಂತ ನೀನೇ ಯೋಚ್ನೆ ಮಾಡ್ಕೊಂಡ್ ಬಾ ಅಂದ್ರು. ಜಗಳ ಅಲ್ಲೇ ಮುಗೀತು. ಯಾಕೆ ಸುರು ಮಾಡ್ದೆ ಅಂತ ನೆಟ್ಟಗೆ ಹೇಳಕ್ಕಾಗ್ದವನು, ಯಾವತ್ತು ನಿಲ್ಸಬೇಕು ಅಂತ ಹೆಂಗ್ ಹೇಳ್ತಾನೆ ಕಣ್ಣು?”

ಎಷ್ಟು ಎಡಿಟೋರಿಯಲ್ ಓದಿದ್ದೇನೆ, ಒಬ್ಬರಾದರೂ ಇದನ್ನು ಇಷ್ಟು ಸಲೀಸಾಗಿ ಹೇಳಿದ್ದಾರಾ?

ಹಾಗಂತ ನಾನೂ ಸಾಚಾ ಅಲ್ಲ. “ಇನ್ನು ನಾಲ್ಕು ದಿನ ಅಜ್ಜಿ, ಮುಗಿದುಹೋಗುತ್ತೆ” ಅಂತ ಮೂರು ವಾರದಿಂದ ಹೇಳುತ್ತಲೇ ಇದ್ದೇನೆ. ಮಾತುಕತೆ ಶುರುವಾಗಿದೆ ಅಂತ ಒಂದು ದಿನ, ಪೆಟ್ರೋಲ್ ರೇಟಿಗೆ ಹೆದರಿ ಅವರೇ ನಿಲ್ಲಿಸುತ್ತಾರೆ ಅಂತ ಇನ್ನೊಂದು ದಿನ. ಪ್ರೀತಿಯಿಂದ ಹೇಳಿದ್ದು, ನಿಜ. ಆದರೆ ಅಜ್ಜಿ ಅದನ್ನೂ ನೆನಪಿಟ್ಟಿದ್ದರು.

“ನೀನೂ ದಿನಕ್ಕೊಂದ್ ಹೇಳ್ತೀಯ. ಹೋಗ್ಲಿ, ನೀನೇನು ಬಾಂಬು ಹಾಕಲ್ಲ. ಕಾಪಿ ಕುಡಿ.”

ನಿನ್ನೆ ಬೆಳಗ್ಗೆ ಹೆಡ್‌ಲೈನ್ ನೋಡಿ ಮೆಟ್ಟಿಲು ಓಡಿಯೇ ಇಳಿದೆ. “ಅಜ್ಜಿ, ಯುದ್ಧದ ಗುರಿ ಈಡೇರಿದೆ ಅಂತ ನಾಯಕರು ಹೇಳಿದ್ದಾರೆ!”

ಅಜ್ಜಿಯ ಮುಖ ಇಷ್ಟಗಲ ಆಯಿತು. “ಅಂದ್ರೆ ಸುಮತಿ ಬರ್ತಾಳಾ?”

ಕೆಳಗಿನ ಸಾಲುಗಳನ್ನು ಓದಿದೆ. ದಾಳಿ ಮುಂದುವರಿಯಲಿದೆ. ಏರ್‌ಪೋರ್ಟು ಸದ್ಯಕ್ಕೆ ತೆರೆಯುವುದಿಲ್ಲ.

ಅಜ್ಜಿ ಈರುಳ್ಳಿಯ ಮೊರ ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೇಳಿದರು:

“ಹಂಗಾದ್ರೆ ಈಡೇರಿದ್ದು ಯಾವ್ದು ಕಣ್ಣು?”