ಸಂಜೆಮಲ್ಲಿಗೆಗೆ ಡ್ಯೂಟಿ ಚಾರ್ಟ್ ಇಲ್ಲ

ನನ್ನ ಸೊಸೆ ನಮಸ್ಕಾರಕ್ಕೆಂದು ಬಗ್ಗಿದವಳು ಏಳಲೇ ಇಲ್ಲ.

ಗಾಬರಿಯಾಗಬೇಡಿ. ಹಣೆ ನೆಲಕ್ಕೆ ತಾಗಿದ್ದೇ ತಡ, ಅವಳಿಗೆ ನಿದ್ದೆ ಹತ್ತಿತ್ತು. ಎದುರಿಗೆ ಕುರ್ಚಿಯಲ್ಲಿ ಕೂತಿದ್ದ ಅತ್ತಿಗೆಗೆ (ನನ್ನವರ ಅಕ್ಕ, ಗುರುವಾಯನಕೆರೆಯಲ್ಲಿ ಮನೆ) ಕಣ್ಣು ತುಂಬಿ ಬಂತು. "ನೋಡು, ಈಗಿನ ಮಕ್ಕಳಲ್ಲಿ ಇಷ್ಟು ಭಕ್ತಿ ಎಲ್ಲಿ ಉಂಟು?" ಅಂದರು. ನಾನು ಹೌದು ಹೌದು ಅಂದೆ. ಇನ್ನೇನು ಹೇಳಲಿ?

ಮೊದಲಿನಿಂದ ಹೇಳುತ್ತೇನೆ. ನಮ್ಮ ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆ. ಗರಿಕೆ, ಐದಾರು ಬಗೆಯ ಸಣ್ಣ ಹೂ, ಎಲೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದ ಪುಟ್ಟ ಕಟ್ಟೇ ಚೂಡಿ. ತುಳಸಿಗೆ ಪೂಜೆ ಮಾಡಿ, ಹಿರಿಯರ ಕೈಗೆ ಚೂಡಿ ಕೊಟ್ಟು ಕಾಲಿಗೆ ಬೀಳಬೇಕು. ಹೊಸ ಸೊಸೆಗಂತೂ ಮೊದಲ ಶ್ರಾವಣ ತಪ್ಪುವಂತಿಲ್ಲ. ಸ್ವಾತಿಗೆ ಇದು ಮೊದಲನೆಯದು. ಅವಳು ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ತಿಂಗಳಿಡೀ ನೈಟ್ ಡ್ಯೂಟಿ.

"ರಜೆ ಕೇಳಿದೆ ಮಾಯಿ, ಸಿಗ್ಲಿಲ್ಲ," ಅಂದಿದ್ದಳು. (ಮಾಯಿ ಅಂದರೆ ನಮ್ಮಲ್ಲಿ ಅತ್ತೆ.)

"ಒಂದು ದಿನ ಅಲ್ವಾ? ಬಂದು ಪೂಜೆ ಮಾಡಿ ಮಲಗು. ಅಭ್ಯಾಸ ಆಗ್ತದೆ," ಅಂದೆ.

ಈ 'ಅಭ್ಯಾಸ ಆಗ್ತದೆ' ಎಂಬ ಮಾತು ನನ್ನ ಬಾಯಲ್ಲಿ ಯಾವಾಗಲೂ ರೆಡಿ. ನನಗೂ ನಮ್ಮತ್ತೆ ಅದನ್ನೇ ಹೇಳುತ್ತಿದ್ದರು. ನಲವತ್ತು ವರ್ಷವಾಗುತ್ತಾ ಬಂತು, ಬೆಳಿಗ್ಗೆ ಐದಕ್ಕೆ ಏಳುವುದು ನನಗಿನ್ನೂ ಅಭ್ಯಾಸವಾಗಿಲ್ಲ.

ಶುಕ್ರವಾರ ಆರು ಗಂಟೆಗೇ ಹೂ ಕೊಯ್ದೆ. ಶಂಖಪುಷ್ಪ ಆಗಷ್ಟೇ ಅರಳಿತ್ತು, ಕಡುನೀಲಿ. ಚೂಡಿ ಕಟ್ಟಿ ತಟ್ಟೆಯಲ್ಲಿಟ್ಟು ಕಾದೆವು. ಎಂಟರ ಬಸ್ಸು ಹತ್ತಿದರೆ ಒಂಬತ್ತಕ್ಕೆ ಬಂಟ್ವಾಳ ಪೇಟೆಯಲ್ಲಿ ಇಳಿಯಬೇಕು. ಒಂಬತ್ತಾಯಿತು, ಹತ್ತಾಯಿತು. ಫೋನ್ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಅತ್ತಿಗೆ ಗಡಿಯಾರ ನೋಡುತ್ತಾರೆ, ನಾನು ಗೇಟು ನೋಡುತ್ತೇನೆ. ರಸ್ತೆಯಲ್ಲಿ ಏನಾದರೂ ಆಯಿತಾ ಎಂದು ಎರಡು ಸಲ ಗೇಟಿನವರೆಗೆ ಹೋಗಿ ಬಂದೆ. ತಟ್ಟೆಯಲ್ಲಿ ಶಂಖಪುಷ್ಪ ಆಗಲೇ ಅಂಚು ಸುರುಟಿಕೊಳ್ಳುತ್ತಿತ್ತು.

ಹನ್ನೊಂದಕ್ಕೆ ಬಂದಳು. ಆದದ್ದಿಷ್ಟು: ಬಸ್ಸಿನಲ್ಲಿ ಕೂತಲ್ಲೇ ನಿದ್ದೆ. ಪೇಟೆ ದಾಟಿತು, ಬಿ.ಸಿ. ರೋಡ್ ಬಂತು, ಬಸ್ಸು ತಿರುಗಿ ಅವಳನ್ನು ಹೊತ್ತುಕೊಂಡೇ ಮೂಡಬಿದಿರೆಗೆ ಹೊರಟಿತು. ಎಚ್ಚರವಾದದ್ದು ಸಿದ್ಧಕಟ್ಟೆಯಲ್ಲಿ. ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದರೆ ಕಂಡಕ್ಟರ್, "ದಿನಾ ನೋಡ್ತೇನೆ ಸಿಸ್ಟರ್, ರಾತ್ರಿ ಡ್ಯೂಟಿ ಮಾಡಿ ಬರ್ತೀರಿ. ಸ್ವಲ್ಪ ಮಲಗ್ಲಿ ಅಂತ ಬಿಟ್ಟೆ," ಅಂದನಂತೆ. ನಾನು ಅವನಿಗೆ ಮನಸ್ಸಿನಲ್ಲೇ ಬೈದೆ.

ಪೂಜೆಯಾಯಿತು. ಆಮೇಲೆ ಆ ನಮಸ್ಕಾರ. ಭುಜ ಹಿಡಿದು ಅಲ್ಲಾಡಿಸಿದಾಗ ತಲೆ ಎತ್ತಿ, "ಆಯ್ತಾ ಮಾಯಿ?" ಎಂದು ಕೇಳಿದಳು. ಆಯ್ತು, ಹೋಗಿ ಮಲಗು ಅಂದೆ.

ಮಲಗಲು ಬಿಟ್ಟೆನೇ? ಹನ್ನೆರಡೂವರೆಗೆ ಬಾಗಿಲು ಬಡಿದೆ, ಹಬ್ಬದ ದಿನ ಉಣ್ಣದೆ ಮಲಗಬಾರದೆಂದು. ಎರಡು ಗಂಟೆಗೆ ಮತ್ತೆ ಬಡಿದೆ, ಅತ್ತಿಗೆಯ ಮಗಳು ವಿಡಿಯೋ ಕಾಲ್‌ನಲ್ಲಿ ಮದುಮಗಳನ್ನು ನೋಡಬೇಕಂತೆ. ಮೂರೂವರೆಗೆ ಮೂರನೇ ಸಲ. "ಮನೆಯಲ್ಲೇ ನರ್ಸ್ ಉಂಟಲ್ಲ, ನನ್ನ ಬಿಪಿ ಒಂದು ನೋಡ್ಲಿ," ಅಂದರು ಅತ್ತಿಗೆ. ಬಿಪಿ ಸರಿಯಾಗಿತ್ತು. (ಅತ್ತಿಗೆಯದ್ದು.)

ಇನ್ನು ನಿದ್ದೆ ಬರುವುದಿಲ್ಲ ಎಂದು ಸ್ವಾತಿ ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಟ್ಟಳು. ಸಕ್ಕರೆ ತರಲು ನಾನು ಉಗ್ರಾಣಕ್ಕೆ ಹೋದೆ. ಗಾಳಿಮಳೆಗೆ ಹೆದರಿ ಮೂರು ದಿನದ ಹಿಂದೆ ಸಂಜೆಮಲ್ಲಿಗೆಯ ಕುಂಡವನ್ನು ಅಲ್ಲಿ ಇಟ್ಟಿದ್ದೆ. ಕಿಟಕಿಯಿಲ್ಲದ ಕೋಣೆ, ಹಗಲಲ್ಲೂ ಕಗ್ಗತ್ತಲೆ. ಲೈಟ್ ಹಾಕಿದರೆ ಹೂಗಳು ಗುಲಾಬಿ ಬಣ್ಣದಲ್ಲಿ ಅರಳಿ ನಿಂತಿವೆ. ಗಂಟೆ ನಾಲ್ಕೂವರೆ.

"ಇದಕ್ಕೆ ಸಂಜೆಯಾಯ್ತು ಅಂತ ಹೇಳಿದ್ದು ಯಾರು?" ಎಂದು ಕೂಗಿ ಕೇಳಿದೆ.

ಸ್ವಾತಿ ಬಂದು ಇಣುಕಿದಳು. "ಗಡಿಯಾರ ಅದರ ಒಳಗೇ ಉಂಟು ಮಾಯಿ. ಬಿಸಿಲು, ಕತ್ತಲೆ ನೋಡಿ ದಿನಾ ಟೈಮ್ ಸರಿ ಮಾಡಿಕೊಳ್ತದೆ, ಅಷ್ಟೇ. ಬೆಳಕು ಸಿಗದಿದ್ರೂ ಕೆಲವು ದಿನ ಅದರಷ್ಟಕ್ಕೇ ನಡೀತದೆ. ನಮ್ಮೊಳಗೂ ಅಂಥದ್ದೇ ಉಂಟು."

"ಅದನ್ನು ಬದಲಿಸ್ಲಿಕ್ಕೆ ಆಗುವುದಿಲ್ವಾ? ಬೆಳಿಗ್ಗೆ ಅರಳುವ ಹಾಗೆ?"

"ಆಗ್ತದೆ. ರಾತ್ರಿಯೆಲ್ಲ ಲೈಟ್ ಹಾಕಿಡ್ಬೇಕು, ಹಗಲು ಕತ್ತಲೆಯಲ್ಲಿಡ್ಬೇಕು. ನಿಧಾನಕ್ಕೆ ತಿರುಗ್ತದೆ." ಒಲೆಯ ಬಳಿಗೆ ಹಿಂತಿರುಗಿ ಸೌಟಿನಲ್ಲಿ ಚಹಾ ಕಲಕುತ್ತಾ ಹೇಳಿದಳು, "ಆದ್ರೆ ಮಧ್ಯೆ ಮಧ್ಯೆ ಯಾರೂ ಬಾಗಿಲು ತೆಗೀಬಾರದು."

ದೂರಿನ ದನಿಯೇ ಇರಲಿಲ್ಲ. ದೂರಲಿಕ್ಕೂ ಸ್ವಲ್ಪ ತ್ರಾಣ ಬೇಕಲ್ಲ? ನನಗೆ ನಾಚಿಕೆಯಾಯಿತು. ಹನ್ನೊಂದಕ್ಕೆ ಮುದುಡಿದ ಶಂಖಪುಷ್ಪಕ್ಕೆ ನಾವ್ಯಾರೂ ಬೈದಿರಲಿಲ್ಲ. ಅದರ ಹೊತ್ತು ಮುಗಿಯಿತು ಎಂದು ಸುಮ್ಮನಾಗಿದ್ದೆವು. ಈ ಹುಡುಗಿ ಮಾತ್ರ ರಾತ್ರಿ ಆಸ್ಪತ್ರೆಗೂ ಅರಳಬೇಕು, ಹಗಲು ನಮಗೂ ಅರಳಬೇಕು. ಮದುವೆಯಾಗಿ ಆರು ತಿಂಗಳಲ್ಲಿ ಅವಳು ಎಷ್ಟು ಇಳಿದುಹೋಗಿದ್ದಾಳೆ ಎಂದು ಆಗಲೇ ನಾನು ಸರಿಯಾಗಿ ನೋಡಿದ್ದು.

ಆರೂವರೆಗೆ ಬ್ಯಾಗ್ ಹೆಗಲಿಗೆ ಹಾಕಿ ಮತ್ತೆ ಬಸ್ಸಿಗೆ ಹೊರಟಳು. ಒಟ್ಟು ನಿದ್ದೆ ಎಷ್ಟಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ದೀಪ ಹಚ್ಚಿದೆ. ಅತ್ತಿಗೆಗೆ ಸಣ್ಣ ಕೆಮ್ಮು, ಕಷಾಯ ಮಾಡೋಣವೆಂದು ಅಂಗಳಕ್ಕಿಳಿದು ತುಳಸಿ ಎಲೆಗೆ ಕೈ ಹಾಕಿದೆ.

"ಏ, ದೀಪ ಹಚ್ಚಿ ಆಯ್ತಲ್ಲ? ಈಗ ಮುಟ್ಟಬೇಡ," ಜಗಲಿಯಿಂದ ಅತ್ತಿಗೆ ತಡೆದರು. "ಗಿಡ ಮಲಗಿರ್ತದೆ. ಎಬ್ಬಿಸಿದ್ರೆ ಪಾಪ ಬರ್ತದೆ."

ಕೈ ಹಿಂದೆ ತೆಗೆದೆ. ಕಷಾಯಕ್ಕೆ ಶುಂಠಿ, ಕಾಳುಮೆಣಸೇ ಸಾಕೆಂದುಕೊಂಡು ಒಳಗೆ ಬಂದೆ. ಶುಂಠಿ ಜಜ್ಜುತ್ತಾ ಒಂದು ಪ್ರಶ್ನೆ ಮನಸ್ಸಿನಲ್ಲೇ ಕೇಳಿದೆ.

ಸೊಸೆಯ ಬಾಗಿಲನ್ನು ಮೂರು ಸಲ ಬಡಿದವರಿಗೆ ಏನು ಬರ್ತದೆ, ಅತ್ತಿಗೆ?